ಪೆರೇಸಂದ್ರದ ಜರ್ಮನ್

ಜರ್ಮನಿ ಎಂಬ ದೇಶ ಎಲ್ಲಿದೆ ಎಂದು ಲಾಲ್ ಬಾಷಾನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅವನ ಯಾವ ಕೆಲಸವೂ ನಿಂತಿರಲಿಲ್ಲ. ಆದರೂ ಪೆರೇಸಂದ್ರದ ಸುತ್ತಿನ ಮೂವತ್ತು ಹಳ್ಳಿಗಳಲ್ಲಿ ಅವನನ್ನು ಜರ್ಮನ್ ಎನ್ನದೆ ಬೇರೆ ಹೆಸರಿನಿಂದ ಕರೆದವರಿಲ್ಲ. ಈ ಸೀಮೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಎನ್ನುತ್ತಾರೆ; ಯಾಕೆ ಎಂದು ಕೇಳಿದರೆ ಅನ್ನುವವರಿಗೂ ತಿಳಿಯದು. ಸೈಕಲ್ಲಿನ ಹಿಂದೆ ಬಿದಿರು ಬುಟ್ಟಿ ಕಟ್ಟಿಕೊಂಡು "ಜರ್ಮನ್ ಪಾತ್ರೇ..." ಎಂದು ಇಪ್ಪತ್ತು ವರ್ಷ ಊರೂರು ಸುತ್ತಿದವನಿಗೆ ಕೊನೆಗೆ ಪಾತ್ರೆಯ ಹೆಸರೇ ಅಂಟಿಕೊಂಡಿತು. ಮುಂದೆ ಹೈವೇ ಪಕ್ಕದಲ್ಲಿ ಅಂಗಡಿ ಇಟ್ಟ, ತಲೆ ನರೆಯಿತು, ಮಗನಿಗೆ ಮದುವೆಯಾಯಿತು. ಹೆಸರು ಮಾತ್ರ ಹೋಗಲಿಲ್ಲ.

ಹೆಂಡತಿ ಖತೀಜಾ ಬೀಗೆ ಆ ಹೆಸರಿನ ಮೇಲೆ ಒಳಗೊಳಗೇ ಅಭಿಮಾನ. ಕೊಂಡವರ ಹೆಸರನ್ನು ಪಾತ್ರೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುವುದು ಅವಳ ಕೆಲಸ. ಅಂಗಡಿಯ ಹಿಂದಿನ ಬಾಗಿಲಲ್ಲಿ ಚಾಪೆ ಹಾಕಿ, ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಕೂತರೆ ಟಕಟಕ ಸದ್ದು ಹೈವೇವರೆಗೆ ಕೇಳುತ್ತಿತ್ತು. ಶಾಲೆಯ ಮುಖ ಕಂಡವಳಲ್ಲ. ಕನ್ನಡ ಅಕ್ಷರ ಕಲಿತದ್ದೆಲ್ಲ ಪಾತ್ರೆಯ ಮೇಲೆಯೇ. ಮೇಲೆ ಕೊಂಡವರ ಹೆಸರು, ತಳದಲ್ಲಿ ಒಂದು ಪುಟ್ಟ 'ಜ'. ಇದು ಜರ್ಮನ್ ಅಂಗಡಿಯದು ಎಂಬ ಗುರುತು.

ಈ ಹೆಸರು ಕೇಳಿದರೆ ಸಿಡಿಯುತ್ತಿದ್ದವನು ಒಬ್ಬನೇ, ಮಗ ಅಸ್ಗರ್. ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುವಾಗ ಜೊತೆಯವರು ಅವನನ್ನು 'ಜರ್ಮನ್ ಡಬ್ಬ' ಎಂದು ಎರಡು ವರ್ಷ ಗೋಳು ಹೊಯ್ದುಕೊಂಡಿದ್ದರು. ಆ ಉರಿ ಇನ್ನೂ ಆರಿರಲಿಲ್ಲ.

"ಜರ್ಮನ್ ಇದಾನೇನಪ್ಪಾ?" ಎಂದು ಯಾರಾದರೂ ಅಜ್ಜಿ ಬಂದು ನಿಂತರೆ, "ಇಲ್ಲಿ ಯಾರೂ ಜರ್ಮನ್ ಇಲ್ಲ. ಅವರ ಹೆಸರು ಲಾಲ್ ಬಾಷಾ" ಅನ್ನುತ್ತಿದ್ದ.

"ಅಯ್ಯೋ, ಅಂಗಡಿ ಮಾರ್ಬಿಟ್ನಾ ಪಾಪ!" ಎಂದು ಅಜ್ಜಿ ಬಂದ ದಾರಿಯಲ್ಲೇ ವಾಪಸು ಹೋಗುವಳು. ಖತೀಜಾ ಬೀ ಒಳಗಿಂದ ಓಡಿ ಬಂದು ಅವಳನ್ನು ಬಸ್ ನಿಲ್ದಾಣದ ಹತ್ತಿರ ಹಿಡಿಯಬೇಕು.

ಎಂಬತ್ತಾರರ ಡಿಸೆಂಬರಿನಲ್ಲಿ ಆ ಮನೆಗೆ ಎರಡು ಸುದ್ದಿ ಒಂದೇ ವಾರ ಬಂದವು. ಮೊದಲನೆಯದು ಚಿಂತಾಮಣಿಯಿಂದ. ಅಸ್ಗರನ ಮಾವ ಬಷೀರ್ ಅಹಮದ್ ಅಲ್ಲಿ ದೊಡ್ಡ ಸ್ಟೀಲ್ ಅಂಗಡಿಯವನು. ಎರಡನೆಯದೊಂದು ತೆರೆಯುತ್ತೇನೆ, ಅಳಿಯ ಬಂದು ನೋಡಿಕೊಳ್ಳಲಿ ಎಂದು ಹೇಳಿಕಳಿಸಿದ್ದ. ಅಸ್ಗರ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಬದಲಿಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ 'ಅಸ್ಗರ್ ಸ್ಟೀಲ್ ಪ್ಯಾಲೇಸ್' ಎಂದು ಕೆಂಪು ಅಕ್ಷರದ ಬೋರ್ಡು ಬರೆಸಿಕೊಂಡು ಬಂದ.

"ಇದನ್ನ ಇಲ್ಲಿ ಹಾಕಣ ಅಬ್ಬಾ. ಈಗ ಯಾರು ಜರ್ಮನ್ ಪಾತ್ರೆ ತಗೋತಾರೆ? ಮದುವೆಗೆಲ್ಲಾ ಸ್ಟೀಲ್ ಕೇಳ್ತಾರೆ."

"ಸ್ಟೀಲ್ ಮಾರು, ಬೇಡ ಅಂದೋರು ಯಾರು? ಬೋರ್ಡು ಯಾಕೆ ಬದಲಾಯಿಸ್ಬೇಕು?" ಎಂದ ಲಾಲ್ ಬಾಷಾ. ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತು.

ಎರಡನೆಯ ಸುದ್ದಿ ಕಳವಾರದಿಂದ ನಡೆದುಕೊಂಡೇ ಬಂತು. ಖತೀಜಾ ಬೀ, ಸೊಸೆ ಬಾನು, ಅತ್ತೆ ಬಿಸ್ಮಿಲ್ಲಾ ಬೀ ಮೂವರೂ ನೆನೆಸಿದ ಅವರೆಕಾಳು ಹಿತುಕಿ ಸಿಪ್ಪೆ ಬಿಡಿಸುತ್ತ ಕೂತಿದ್ದರು. ಕಳವಾರದ ಅಕ್ಕಯ್ಯಮ್ಮ, ಅವಳ ಮಗ ಗಂಗುಲಪ್ಪ, ಜೊತೆಗೆ ನಾಲ್ಕು ಜನ ಅಂಗಳಕ್ಕೆ ಬಂದರು. ಅಕ್ಕಯ್ಯಮ್ಮ ತಾನೂ ಕೂತು ಒಂದು ಹಿಡಿ ಕಾಳು ಎಳೆದುಕೊಂಡು ಹಿತುಕುತ್ತಲೇ ವಿಷಯ ತೆಗೆದಳು.

"ಜಿಲ್ಲಾ ಪರಿಷತ್ ಎಲೆಕ್ಷನ್ ಬಂದದೆ. ಜರ್ಮನ್ ನಿಂತ್ಕೋಬೇಕು."

ಲಾಲ್ ಬಾಷಾ ನಕ್ಕ. "ನಾನೇನು ಓದಿದೋನಾ, ಬರೆದೋನಾ, ಅಕ್ಕಯ್ಯಮ್ಮಾ?"

"ಓದಿದೋರ್ನ ನೋಡಿದ್ದಾಯ್ತು. ಮನೆಮನೆ ಬಾಗಿಲು ನೋಡಿರೋನು ನೀನೊಬ್ಬನೇ. ಯಾರ ಮನೇಲಿ ಎಷ್ಟು ಜನ, ಎಷ್ಟು ಸೇರಿನ ಪಾತ್ರೆ ಬೇಕು ಅಂತ ಗೊತ್ತಿರೋನು."

ಗಂಗುಲಪ್ಪ ಒಂದು ಕಾಲು ಸ್ವಲ್ಪ ಎಳೆಯುವ ಆಳು. ಕಂಬಕ್ಕೊರಗಿ ನಿಂತು ಲಾಲ್ ಬಾಷಾನ ಮುಖ ನೋಡುತ್ತಿದ್ದ. ಆ ನೋಟ ಖತೀಜಾ ಬೀಗೆ ಗೊತ್ತಿತ್ತು.

ಹದಿನೆಂಟು ವರ್ಷದ ಹಿಂದೆ ಏಳು ವರ್ಷದ ಗಂಗುಲಪ್ಪ ಹುಣಿಸೆಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಊರಲ್ಲಿ ಗಂಡಸರಿರಲಿಲ್ಲ, ಎಲ್ಲ ಕೊಯ್ಲಿಗೆ ಹೋಗಿದ್ದರು. ಆಗಷ್ಟೇ ಊರಿಗೆ ಬಂದ ಲಾಲ್ ಬಾಷಾ ಬುಟ್ಟಿಯ ಪಾತ್ರೆಯನ್ನೆಲ್ಲ ಹೊಂಗೆಮರದ ಕೆಳಗೆ ಸುರಿದು, ಹುಡುಗನನ್ನು ಅದೇ ಬುಟ್ಟಿಯಲ್ಲಿ ಕೂರಿಸಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೈಕಲ್ ತುಳಿದ. ಎರಡು ದಿನ ಅಲ್ಲೇ ಉಳಿದ. ಮೂರನೆಯ ದಿನ ಕಳವಾರಕ್ಕೆ ಹಿಂತಿರುಗಿದರೆ ಪಾತ್ರೆಗಳು ಹೊಂಗೆಮರದ ಕೆಳಗೆ ಹಾಗೇ ಇದ್ದವು. ಯಾರೋ ಮೇಲೆ ಗೋಣಿ ಹೊದೆಸಿದ್ದರು. ಒಂದು ಸೌಟೂ ಹೋಗಿರಲಿಲ್ಲ.

ಮನೆಗೆ ಬಂದವನನ್ನು ಖತೀಜಾ ಬೀ ಎರಡು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಚೆನ್ನಾಗಿ ಬೈದಿದ್ದಳು. ಅವನು ಅದೊಂದೇ ಮಾತು ಹೇಳುತ್ತಿದ್ದ: "ಒಂದು ಸೌಟೂ ಹೋಗಿಲ್ಲ ಕಣೇ." ಕಣ್ಣು ತುಂಬಿಕೊಂಡಿತ್ತು. ಇಡೀ ಬದುಕು ಆ ಬುಟ್ಟಿಯಲ್ಲಿತ್ತು ಆಗ.

"ನಿಂತ್ಕೋತೀನಿ," ಎಂದ ಲಾಲ್ ಬಾಷಾ ಈಗ. "ಗೆದ್ರೆ ಗೆಲ್ತೀನಿ, ಸೋತ್ರೆ ಸೋಲ್ತೀನಿ. ನೀವು ಕೇಳ್ದಾಗ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ."

ಆ ದಿನದ ಊಟಕ್ಕೆ ಹಿತುಕಿದ ಬೇಳೆ ಸಾರು, ಮುದ್ದೆ. ಅಸ್ಗರ್ ಒಂದು ತುತ್ತು ನುಂಗಿ ಕೈ ನಿಲ್ಲಿಸಿದ.

"ಅಬ್ಬಾ ಎಲೆಕ್ಷನ್‌ಗೆ ನಿಂತ್ರೆ ನಾನು ಚಿಂತಾಮಣಿಗೆ ಹೋಗ್ತೀನಿ."

"ಎರಡಕ್ಕೂ ಏನೋ ಸಂಬಂಧ?" ಎಂದಳು ಖತೀಜಾ ಬೀ.

"ಅಂಗಡಿ ಯಾರು ನೋಡ್ಕೊಳ್ಳೋದು? ನಾನೇ. ಬಂದೋರಿಗೆಲ್ಲಾ ಚಾ ಯಾರು ಕೊಡೋದು? ನೀವೇ. ಊರೂರಲ್ಲಿ ಗೋಡೆ ಮೇಲೆ 'ಜರ್ಮನ್‌ಗೆ ಮತ ಕೊಡಿ' ಅಂತ ಬರೀತಾರೆ. ಸಾಯೋವರೆಗೂ ನನಗೆ ಅದೇ ಹೆಸರು. ಅಲ್ಲಿ ಹೋದ್ರೆ ನಾನು ಅಸ್ಗರ್ ಆಗಿರ್ತೀನಿ."

"ಅಲ್ಲಿ ಬಷೀರ್ ಅಹಮದ್ ಅಳಿಯ ಆಗಿರ್ತೀರ," ಎಂದಳು ಬಾನು, ಸಾರು ಬಡಿಸುತ್ತ. "ನಮ್ಮ ಅಬ್ಬಾ ನನಗೆ ಗೊತ್ತಿಲ್ವಾ? ಬೆಳಿಗ್ಗೆ ಎಂಟಕ್ಕೆ ಗಲ್ಲಾ ಪೆಟ್ಟಿಗೆ ಕೀ ಕೊಡ್ತಾರೆ, ಸಾಯಂಕಾಲ ಎಂಟಕ್ಕೆ ಕೈ ಚಾಚಿ ವಾಪಸ್ ಇಸ್ಕೋತಾರೆ."

"ನೀನು ಸುಮ್ನಿರು."

"ಸುಮ್ನಿರೋದಕ್ಕೆ ಮದುವೆ ಆಗಿಲ್ಲ."

ಬಿಸ್ಮಿಲ್ಲಾ ಬೀ ಮೊಮ್ಮಗನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. "ತಿನ್ನು. ಹೋಗೋದಾದ್ರೂ ತಿಂದು ಹೋಗು. ಮಾವನ ಮನೇಲಿ ಎರಡನೇ ಮುದ್ದೆ ಕೇಳೋಕೆ ನಾಚಿಕೆ ಆಗುತ್ತೆ."

ಬಾನು ನಕ್ಕಳು. ಖತೀಜಾ ಬೀಗೆ ನಗು ಬರಲಿಲ್ಲ. ಮೂರು ಹೆತ್ತವಳು ಅವಳು, ಉಳಿದವನು ಇವನೊಬ್ಬನೇ. ಗಂಡ ಗೆಲ್ಲಲಿ ಸೋಲಲಿ, ಬೋರ್ಡು ಯಾವುದಾದರೂ ಇರಲಿ, ಮಗ ಹೊಸ್ತಿಲು ದಾಟಿ ಹೋಗಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮುಂದಿನ ವಾರ ಲಾಲ್ ಬಾಷಾ ಯಾವ ಪಕ್ಷದ ಹಂಗೂ ಇಲ್ಲದೆ ನಾಮಪತ್ರ ಹಾಕಿಬಂದ. ಅಸ್ಗರ್ ಟ್ರಂಕು ಕೆಳಗಿಳಿಸಿ ಬಟ್ಟೆ ಜೋಡಿಸತೊಡಗಿದ. ಎಲೆಕ್ಷನ್ ಮುಗಿದ ಮರುದಿನ ಮಾವ ಜೀಪು ಕಳಿಸುವುದೆಂದು ಗೊತ್ತಾಯಿತು. ಗಂಡ ಮಗ ಇಬ್ಬರೂ ಒಂದೇ ಸಾರನ್ನು ಬೇರೆ ಬೇರೆ ಹೊತ್ತಿನಲ್ಲಿ ಉಣ್ಣತೊಡಗಿದರು. ಖತೀಜಾ ಬೀ ಒಲೆಯ ಮುಂದಿನಿಂದ ಏಳುವುದೇ ಕಷ್ಟವಾಯಿತು. ಅದರ ಮೇಲೆ ಬಂದುಹೋಗುವವರ ಚಾ. ಹಾಲು ಒಂದು ಸೇರು ಇದ್ದದ್ದು ಮೂರು ಸೇರಾಯಿತು. ಐದು ಹೊತ್ತಿನ ನಮಾಜಿನಲ್ಲೂ ಅವಳು ಒಂದೇ ಬೇಡಿಕೊಂಡಳು, ಹೇಗಾದರೂ ಈ ಎಲೆಕ್ಷನ್ ತಪ್ಪಿಹೋಗಲಿ ಎಂದು.

ಅವಳ ಬೇಡಿಕೆ ಈಡೇರುವಂತೆಯೇ ಕಂಡಿತು. ನಾಮಪತ್ರ ಪರಿಶೀಲನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಸ್ ಕಂಡಕ್ಟರ್ ಅಂಗಡಿಯ ಮುಂದೆ ಇಳಿದು ಕೂಗಿದ. "ಅಸ್ಗರ್, ನಿಮ್ಮಪ್ಪಂದು ನಾಮಪತ್ರ ರಿಜೆಕ್ಟ್ ಆಗೋ ಹಂಗಿದೆ ಕಣೋ! ರೇಷನ್ ಕಾರ್ಡು ತಗೊಂಡು ಮೂರು ಗಂಟೆ ಒಳಗೆ ಚಿಕ್ಕಬಳ್ಳಾಪುರಕ್ಕೆ ಬರಬೇಕಂತೆ. ನಿಮ್ಮಪ್ಪ ಫಾರಿನ್ ಅಂತೆ!"

"ಏನಂತೆ?"

"ಫಾರಿನ್! ಜರ್ಮನಿ ದೇಶದೋನು, ಎಲೆಕ್ಷನ್‌ಗೆ ನಿಲ್ಲಂಗಿಲ್ಲ ಅಂತ ಎದುರು ಪಾರ್ಟಿ ಲಾಯರು ತಕರಾರು ಹಾಕವ್ನೆ!"

ಬಿಸ್ಮಿಲ್ಲಾ ಬೀ ಒಳಗಿಂದಲೇ ಹೌಹಾರಿದಳು. "ಯಾ ಅಲ್ಲಾಹ್! ಇದೇ ಮನೆ ನಡುಮನೇಲಿ ಹೆತ್ತಿದೀನಲ್ಲೋ ಅವನನ್ನ!"

ಖತೀಜಾ ಬೀಗೆ ಮೊದಲು ಆದದ್ದು ಸಮಾಧಾನ. ಸಮಾಧಾನವಾಯಿತಲ್ಲ ಎಂದು ಮರುಗಳಿಗೆಗೇ ನಾಚಿಕೆಯಾಯಿತು. ರೇಷನ್ ಕಾರ್ಡು ತೆಗೆದು ಮಗನ ಕೈಗೆ ಕೊಟ್ಟವಳು, ಬುರ್ಖಾ ಹಾಕಿಕೊಂಡು ತಾನೂ ಹೊರಟಳು.

ಬಸ್ಸಿನಲ್ಲಿ ತಾಯಿ ಮಗ ಒಂದೇ ಸೀಟಿನಲ್ಲಿ ಕೂತರು.

"ರಿಜೆಕ್ಟ್ ಆದ್ರೆ ಒಳ್ಳೇದೇ ಅಲ್ವಾ ಅಮ್ಮಿ?" ಎಂದ ಅಸ್ಗರ್.

"ನಾನೂ ಅದನ್ನೇ ಬೇಡ್ಕೊಂಡಿದ್ದೆ."

ಅವನು ತಿರುಗಿ ನೋಡಿದ.

"ನೀನು ಹೋಗ್ಬಾರ್ದು ಅಂತ. ಇನ್ನೇನಕ್ಕೂ ಅಲ್ಲ." ಅವಳು ಕಿಟಕಿಯ ಕಡೆ ಮುಖ ಮಾಡಿದಳು. "ಆದ್ರೆ ಅವರನ್ನ ಫಾರಿನ್ ಅಂತಾರಲ್ಲೋ. ಈ ರಸ್ತೇಲಿ ಇಪ್ಪತ್ತು ವರ್ಷ ಸೈಕಲ್ ತುಳಿದಿದಾರೆ ನಿಮ್ಮಬ್ಬಾ."

ತಾಲ್ಲೂಕು ಕಚೇರಿಯ ಮುಂದಿನ ಮರದ ಕೆಳಗೆ ಅರ್ಜಿ ಬರೆಯುವ ಮುನಿಗಂಗಪ್ಪ ತಲೆಗೆ ಕೈಹೊತ್ತು ಕೂತಿದ್ದ. ಇವರನ್ನು ಕಂಡವನೇ ಎದ್ದು ಬಂದ.

"ನಂದೇ ತಪ್ಪು ಕಣಮ್ಮ. ಇನ್ನೊಬ್ಬ ಲಾಲ್ ಬಾಷಾನೂ ನಿಂತವ್ನೆ. ಜನಕ್ಕೆ ಗುರುತು ಸಿಗ್ಲಿ, ಜರ್ಮನ್ ಅಂತ ಸೇರಿಸು ಅಂದ್ರು ಯಜಮಾನ್ರು. 'ಜರ್ಮನ್ ಲಾಲ್ ಬಾಷಾ' ಅಂತ ಬರೀಬೇಕಾಗಿತ್ತು. ನಾನು 'ಲಾಲ್ ಬಾಷಾ' ಅಂತ ಬರೆದು, ಒಂದು ಕಾಮಾ ಹಾಕಿ, 'ಜರ್ಮನ್' ಅಂತ ಬರೆದ್ಬಿಟ್ಟೆ. ಮೂವತ್ತು ವರ್ಷದ ಅಭ್ಯಾಸ, ಹೆಸರಾದ್ಮೇಲೆ ಕಾಮಾ ಹಾಕೋದು! ಈಗ ಅದನ್ನ ದೇಶ ಅಂತ ಓದ್ತಾವ್ರೆ."

ಚುನಾವಣಾಧಿಕಾರಿ ಬಿಜಾಪುರದ ಕಡೆಯವರು. ಈ ಸೀಮೆಗೆ ಬಂದು ತಿಂಗಳಾಗಿರಲಿಲ್ಲ. ಜರ್ಮನ್ ಪಾತ್ರೆ ಎಂಬುದನ್ನು ಅವರು ಕೇಳಿಯೇ ಇರಲಿಲ್ಲ. ಮೇಜಿನ ಒಂದು ಪಕ್ಕ ಎದುರು ಪಕ್ಷದ ಲಾಯರು, ಇನ್ನೊಂದು ಪಕ್ಕ ಟೋಪಿಯನ್ನು ಕೈಯಲ್ಲಿ ಹಿಡಿದು ಲಾಲ್ ಬಾಷಾ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಅಷ್ಟು ಚಿಕ್ಕವನಾಗಿ ನಿಂತದ್ದನ್ನು ಖತೀಜಾ ಬೀ ಕಂಡಿರಲಿಲ್ಲ.

"ರೇಷನ್ ಕಾರ್ಡಿನ್ಯಾಗ ಜರ್ಮನ್ ಅಂತ ಇಲ್ಲಲ್ರಿ," ಎಂದರು ಅಧಿಕಾರಿ ಕಾರ್ಡು ತಿರುವಿ. "ಇದು ಇವರ ಅಡ್ಡಹೆಸರು ಅನ್ನಾಕ ಏನ್ ಪುರಾವೆ ಐತಿ?"

"ಇವರಿಗೆ ಅಂಥ ಹೆಸರೇ ಇಲ್ಲ ಸಾರ್," ಎಂದ ಲಾಯರು. "ಬೇಕಾದ್ರೆ ಮಗನನ್ನೇ ಕೇಳಿ. ಅಂಗಡಿಗೆ ಬಂದೋರಿಗೆಲ್ಲಾ 'ಇಲ್ಲಿ ಯಾರೂ ಜರ್ಮನ್ ಇಲ್ಲ' ಅಂತ ಇವರ ಮಗನೇ ಹೇಳ್ತಾನೆ. ಇಡೀ ಪೆರೇಸಂದ್ರಕ್ಕೆ ಗೊತ್ತು."

ಎಲ್ಲರೂ ಅಸ್ಗರನ ಕಡೆ ತಿರುಗಿದರು. ಲಾಲ್ ಬಾಷಾ ಮಾತ್ರ ತಿರುಗಲಿಲ್ಲ; ಟೋಪಿಯ ಅಂಚನ್ನೇ ನೋಡುತ್ತಿದ್ದ. ಹೌದು, ಹಾಗೆ ಹೇಳುತ್ತೇನೆ ಎಂದು ಮಗ ಒಂದು ಮಾತು ಅಂದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಅದೊಂದು ಸುಳ್ಳೂ ಆಗುತ್ತಿರಲಿಲ್ಲ.

ಅಸ್ಗರ್ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಗದ್ದಲವಾಯಿತು. ಜವಾನ ತಡೆಯುತ್ತಿದ್ದಂತೆ ಅಕ್ಕಯ್ಯಮ್ಮ ಒಳಗೆ ನುಗ್ಗಿದಳು. ಹಿಂದೆ ಕಾಲೆಳೆಯುತ್ತ ಗಂಗುಲಪ್ಪ. ಮುದುಕಿಯ ಕಂಕುಳಲ್ಲಿ ಒಂದು ಹಳೆಯ ಪಾತ್ರೆ.

"ಪುರಾವೆ ಬೇಕಂತಲ್ಲ, ತಗಳ್ರಿ ಸ್ವಾಮಿ!" ಎಂದು ಅದನ್ನು ಮೇಜಿನ ಮೇಲೆ ಕುಕ್ಕಿದಳು. ಸುದ್ದಿ ಕೇಳಿದವಳು ಒಲೆಯ ಮೇಲಿನದನ್ನೇ ಇಳಿಸಿಕೊಂಡು ಬಂದಿದ್ದಳು. ಒಳಗೆ ಇನ್ನೂ ಎರಡು ಮುದ್ದೆಯಿದ್ದವು. ಗುಮಾಸ್ತ ಗಾಬರಿಯಿಂದ ಕಾಗದ ಪತ್ರ ಪಕ್ಕಕ್ಕೆ ಎಳೆದುಕೊಂಡ.

"ಇದೇನ್ರಿ ಇದು?"

"ಜರ್ಮನ್ ಪಾತ್ರೆ. ಈವಪ್ಪ ಮಾರಿದ್ದು. ಅದಕ್ಕೇ ಈವಪ್ಪ ಜರ್ಮನ್. ಇವ ನನ್ನ ಮಗ. ಮರದಿಂದ ಬಿದ್ದಾಗ ಇವನನ್ನ ಪಾತ್ರೆ ಬುಟ್ಟೀಲಿ ಕೂರಿಸ್ಕಂಡು ಇದೇ ಊರಿನ ಆಸ್ಪತ್ರೆಗೆ ತಂದೋನು ಈ ಜರ್ಮನ್. ಪಾತ್ರೆ ಎಲ್ಲಾ ಬೀದೀಲಿ ಸುರಿದು ಬಂದ. ಎರಡು ದಿನ ನನ್ನ ಮಗನ ತಲೆ ಹತ್ರ ಕೂತಿದ್ದ. ಫಾರಿನ್‌ನೋರು ಹಂಗ್ ಮಾಡ್ತಾರಾ? ಮಾಡೋದಾದ್ರೆ ಅವ್ರೂ ಬಂದು ನಿಂತ್ಕಳ್ಳಿ, ಓಟು ಹಾಕ್ತೀನಿ!"

ಅಸ್ಗರ್ ಗಂಗುಲಪ್ಪನ ಕಾಲನ್ನೇ ನೋಡುತ್ತಿದ್ದ. ಅವನು ಮರದಿಂದ ಬಿದ್ದ ವರ್ಷ ತನಗೆ ಐದು. ಅಬ್ಬಾ ಎರಡು ದಿನ ಬರಲಿಲ್ಲ, ಅಮ್ಮಿ ಬೈದಳು ಎಂಬುದಷ್ಟೇ ನೆನಪು. ಬುಟ್ಟಿಯ ಸಂಗತಿಯನ್ನು ಮನೆಯಲ್ಲಿ ಯಾರೂ ದೊಡ್ಡದು ಮಾಡಿ ಹೇಳಿರಲಿಲ್ಲ.

ಅಧಿಕಾರಿ ಪಾತ್ರೆಯನ್ನು ಬಾಗಿಸಿ ಕಂಠದ ಮೇಲಿನ ಚುಕ್ಕಿಗಳನ್ನು ಓದಿದರು. "ಅಕ್ಕಯ್ಯಮ್ಮ, ಕಳವಾರ." ತಳದಲ್ಲಿ 'ಜ'. "ಇದನ್ನ ಯಾರು ಬರದಾರ?"

"ನಾನು ಸಾರ್," ಎಂದಳು ಖತೀಜಾ ಬೀ.

"ಸಾಲಿ ಕಲ್ತೀರೇನು?"

"ಇಲ್ಲ ಸಾರ್. ಹೆಸರು ಮಾತ್ರ ಬರೆಯೋಕೆ ಬರುತ್ತೆ. 'ಜ' ಅಂದ್ರೆ ಜರ್ಮನ್ ಸಾರ್. ಮೂವತ್ತು ಊರಲ್ಲಿ ಯಾವ ಮನೆಗೆ ಹೋದ್ರೂ ಪಾತ್ರೆ ತಳ ನೋಡಿ, ಇದೇ ಇರುತ್ತೆ."

ಎಲೆಕ್ಷನ್ ತಪ್ಪಲಿ ಎಂದು ಬೇಡಿಕೊಂಡವಳು ಅವಳೇ. ಈಗ ಸಾಕ್ಷಿ ಹೇಳಿದವಳೂ ಅವಳೇ. ಅಧಿಕಾರಿ ಅಸ್ಗರನ ಕಡೆ ನೋಡಿದರು. "ನೀವೇನಂತೀರಪಾ? ಇವರಿಗೆ ಜರ್ಮನ್ ಅಂತಾರೇನು, ಇಲ್ಲೇನು?"

ಅಸ್ಗರ್ ಒಮ್ಮೆ ಅಬ್ಬಾನ ಟೋಪಿಯ ಕಡೆ ನೋಡಿದ.

"ಅಂತಾರೆ ಸಾರ್. ಇವರೇ ಜರ್ಮನ್. ನಾನು ಜರ್ಮನ್ ಮಗ. ಕಾಲೇಜಲ್ಲಿ ನನಗೂ ಹಂಗೇ ಅಂತಿದ್ರು. ಇಲ್ಲಿ ಜರ್ಮನ್ ಇಲ್ಲ ಅಂತ ಅಂಗಡೀಲಿ ಹೇಳ್ತಿದ್ದೆ, ಅದು ನಿಜ. ನಾಚಿಕೆಯಾಗಿ ಹೇಳ್ತಿದ್ದೆ ಸಾರ್. ತಪ್ಪು ನಂದು."

"ಮತ್ತ ಜರ್ಮನಿ ದೇಶ?"

"ನಮ್ಮಬ್ಬಾ ಗೌರಿಬಿದನೂರು ದಾಟಿ ಆಚೆ ಹೋಗಿಲ್ಲ ಸಾರ್."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಲಾಯರೂ ನಕ್ಕುಬಿಟ್ಟ; ಅವನ ಮನೆಯಲ್ಲಿಯೂ 'ಜ' ಇರುವ ಪಾತ್ರೆ ಇತ್ತೆಂದು ಆಮೇಲೆ ಗೊತ್ತಾಯಿತು. ಅಲ್ಪವಿರಾಮದ ಮೇಲೆ ಗೀಟು ಎಳೆದು ಲಾಲ್ ಬಾಷಾನಿಂದ ಪಕ್ಕದಲ್ಲಿ ಸಹಿ ಹಾಕಿಸಿಕೊಂಡರು. ನಾಮಪತ್ರ ಉಳಿಯಿತು. ಹೊರಗೆ ಮರದ ಕೆಳಗೆ ಅಕ್ಕಯ್ಯಮ್ಮ ಮುದ್ದೆ ಮುರಿದು ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟಳು. ಸಾರಿರಲಿಲ್ಲ, ಮುನಿಗಂಗಪ್ಪ ಎದುರು ಹೋಟೆಲಿನಿಂದ ಚಟ್ನಿ ತಂದ. ಲಾಲ್ ಬಾಷಾ ತನ್ನ ಕೈಯ ತುಂಡಿನಲ್ಲಿ ಅರ್ಧ ಮುರಿದು ಮಗನ ಕೈಯಲ್ಲಿಟ್ಟ. ಖತೀಜಾ ಬೀ ಮರದ ಮರೆಗೆ ಹೋಗಿ ಕಣ್ಣೊರೆಸಿಕೊಂಡಳು.

ಆದರೆ ಟ್ರಂಕು ಇಳಿಸಿದಲ್ಲೇ ಇತ್ತು. ಹೋಗುವ ಮಾತನ್ನು ಅಸ್ಗರ್ ವಾಪಸು ತೆಗೆದುಕೊಂಡಿರಲಿಲ್ಲ. ಕೇಳಲು ಖತೀಜಾ ಬೀಗೆ ಧೈರ್ಯವಿರಲಿಲ್ಲ. ಕರಪತ್ರ ಅವನೇ ಬರೆದ, ಅಪ್ಪನ ಜೊತೆ ಊರೂರು ತಿರುಗಿದ, ಅಂಗಡಿಯನ್ನು ಬಾನು ನೋಡಿಕೊಂಡಳು. ಅವಳ ಲೆಕ್ಕ ಇಬ್ಬರು ಗಂಡಸರಿಗಿಂತ ಚೊಕ್ಕವಾಗಿತ್ತು ಎಂದು ಬಿಸ್ಮಿಲ್ಲಾ ಬೀ ಊರಿಗೆಲ್ಲ ಹೇಳಿಕೊಂಡು ಬಂದಳು. ಗಂಡ ಮಗ ಒಟ್ಟಿಗೇ ಹಸಿದು ಬಂದು ಒಟ್ಟಿಗೇ ಉಣ್ಣುತ್ತಿದ್ದರು. ಇಷ್ಟು ದಿನವಾದರೂ ಕೊಟ್ಟೆಯಲ್ಲ ಎಂದು ಖತೀಜಾ ಬೀ ದೇವರಿಗೆ ಶುಕ್ರಿಯಾ ಹೇಳಿದಳು.

ಜನವರಿಯಲ್ಲಿ ಮತದಾನವಾಯಿತು. ನೂರ ಎಂಟು ಓಟಿನಿಂದ ಲಾಲ್ ಬಾಷಾ ಗೆದ್ದ. ಮುಂದಿನ ಐದು ವರ್ಷ ಆ ಮನುಷ್ಯ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲೇ ಕೋಲಾರಕ್ಕೆ ಓಡಾಡಿ, ಸಭೆಯಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದೆ, ಹನ್ನೊಂದು ಊರಿಗೆ ಬೋರ್‌ವೆಲ್ ಹಾಕಿಸಿದ್ದು ಬೇರೆ ಕತೆ. ಗೆದ್ದ ಸಂಜೆ ಹಾರ ಹಾಕಲು ಬಂದವರಿಗೆಲ್ಲ ಅವನು ಕೈಮುಗಿದು ಹೇಳಿದ್ದು ಒಂದೇ: "ನಿಮ್ಮ ಉಪಕಾರ ತೀರ್ಸೋಕೆ ಆಗಲ್ಲ. ಕೆಲಸ ಹೇಳಿ, ಮಾಡ್ತೀನಿ."

ಮರುದಿನ ಬೆಳಿಗ್ಗೆ ಎದ್ದ ಖತೀಜಾ ಬೀ ಅಂಗಡಿಯ ಮುಂದೆ ಬಂದು ನೋಡಿದರೆ, ಗಂಡ ಏಣಿಯ ಮೇಲಿದ್ದಾನೆ. ಹಳೆಯ ಬೋರ್ಡು ಕೆಳಗಿದೆ. ಗೋಡೆಗೆ ಮುಖ ಮಾಡಿದ್ದ ಕೆಂಪು ಅಕ್ಷರದ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದಾನೆ.

"ಏನ್ರೀ ಇದು?"

"ಅವನಿಗೆ ನಾನು ಇನ್ನೇನು ಕೊಡ್ಲಿ? ಹೋಗೋ ದಿನವಾದ್ರೂ ನೋಡ್ಕೊಂಡು ಹೋಗ್ಲಿ. ಅಂಗಡಿ ಅವನದೇ ಅಂತ ಗೊತ್ತಾಗ್ಲಿ."

ಹತ್ತು ಗಂಟೆಗೆ ಚಿಂತಾಮಣಿಯ ಜೀಪು ಬಂತು. ಬಾನು ಡ್ರೈವರನಿಗೆ ಚಾ ಕೊಟ್ಟಳು. ತಾನು ಮಾತ್ರ ಸೀರೆ ಬದಲಾಯಿಸಿರಲಿಲ್ಲ. ಅಸ್ಗರ್ ಹೊರಗೆ ಬಂದು ತಲೆಯೆತ್ತಿ ಬೋರ್ಡು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅಂಗಡಿಯೊಳಗೆ ಹೋಗಿ ಧೂಳು ಒರೆಸತೊಡಗಿದ. ಖತೀಜಾ ಬೀ ಹಿಂದಿನ ಬಾಗಿಲಲ್ಲಿ ಯಾರದೋ ಬಿಂದಿಗೆ ಹಿಡಿದು ಕೂತಳು. ಜೀಪಿನ ಕಡೆ ನೋಡಲು ಆಗಲಿಲ್ಲ. ಉಳಿ ಎರಡು ಸಲ ಜಾರಿತು.

ಅಷ್ಟರಲ್ಲಿ ಹೈವೇ ಕಡೆಯಿಂದ ಒಬ್ಬ ಅಜ್ಜಿ ಬಂದಳು. ಕೈಯಲ್ಲಿ ತಳ ಸವೆದ ಪಾತ್ರೆ. ಹೊಸ ಬೋರ್ಡನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಅನುಮಾನದಿಂದ ಮೆಟ್ಟಿಲ ಹತ್ತಿರ ನಿಂತಳು.

"ಇಲ್ಲಿ ಜರ್ಮನ್ ಅಂಗಡಿ ಇತ್ತಲ್ಲಪ್ಪಾ. ಜರ್ಮನ್ ಇಲ್ವಾ?"

ಖತೀಜಾ ಬೀಯ ಸುತ್ತಿಗೆ ಮೇಲೆಯೇ ನಿಂತಿತು. ಎಂದಿನಂತೆ ಎದ್ದು ಓಡಬೇಕು ಎಂದು ಚಾಪೆಯಿಂದ ಅರ್ಧ ಎದ್ದಳು.

"ಇದೀನಿ ಕಣಮ್ಮ," ಎಂದ ಅಸ್ಗರ್. "ಬನ್ನಿ, ಒಳಗೆ ಬನ್ನಿ. ಏನ್ ಬೇಕು ಹೇಳಿ."